ಡ್ರಾಯಿಂಗ್ ಟ್ಯಾಬ್ಲೆಟ್ ಕೊಳ್ಳುವ ಮುನ್ನ ಪೆನ್ನನ್ನು ನೋಡಿ

ಕಳೆದ ತಿಂಗಳು, ನನ್ನ ಬಳಿ ಚಿತ್ರ ಕಲಿಯಲು ಬರುವ ಪಿಯುಸಿ ಹುಡುಗಿಯೊಬ್ಬಳ ತಂದೆ ಹೊಸ ಟ್ಯಾಬ್ಲೆಟ್ ಒಂದನ್ನು ಹಿಡಿದುಕೊಂಡು ಮನೆಗೆ ಬಂದಿದ್ದರು. "ಸರ್, ಡ್ರಾಯಿಂಗ್‌ಗೆ ಇದೇ ಚೆನ್ನಾಗಿದೆ ಅಂತ ಅಂಗಡಿಯಲ್ಲಿ ಹೇಳಿದ್ರು. ಇವಳು ನೋಡಿದ್ರೆ ಗೆರೆ ಸರಿಯಾಗಿ ಬರ್ತಾ ಇಲ್ಲ ಅಂತಾಳೆ," ಎಂದರು. ಪರದೆಯ ಮೇಲೆ ಹುಡುಗಿ ನವಿಲಿನ ಕುತ್ತಿಗೆಯನ್ನು ಬಿಡಿಸಿದ್ದಳು. ಗೆರೆ ಆರಂಭದಿಂದ ಕೊನೆಯವರೆಗೂ ಒಂದೇ ದಪ್ಪವಾಗಿ, ತಂತಿಯನ್ನು ಬಗ್ಗಿಸಿಟ್ಟ ಹಾಗಿತ್ತು. ಇದೇ ಹುಡುಗಿ ಕಾಗದದ ಮೇಲೆ ಕುಂಚ ಹಿಡಿದರೆ ಅದೇ ಗೆರೆ ಎಳೆಯಾಗಿ ಹೊರಟು, ಬಾಗುವಲ್ಲಿ ತುಂಬಿಕೊಂಡು, ತುದಿಯಲ್ಲಿ ಮತ್ತೆ ಸಣ್ಣಗಾಗುತ್ತದೆ. ಅವಳ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಅವರಿಗೆ ಕೊಟ್ಟಿದ್ದ ಪೆನ್ನಿನ ತುದಿಯಲ್ಲಿ ರಬ್ಬರಿನ ಗುಂಡೊಂದಿತ್ತು. ಅದು ಬೆರಳು ಮಾಡುವ ಕೆಲಸವನ್ನಷ್ಟೇ ಮಾಡುತ್ತದೆ, ಕೈ ಎಷ್ಟು ಒತ್ತಿತು ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಚಿತ್ರಕ್ಕಾಗಿ ಟ್ಯಾಬ್ಲೆಟ್ ಕೊಳ್ಳುವವರು ಪರದೆಯ ಅಳತೆ, ಸ್ಟೋರೇಜ್, ಕ್ಯಾಮೆರಾ ಎಲ್ಲವನ್ನೂ ವಿಚಾರಿಸುತ್ತಾರೆ. ನಾನು ಹೇಳುವುದು ಇಷ್ಟೇ: ಮೊದಲು ಪೆನ್ನನ್ನು ಆರಿಸಿ, ಆಮೇಲೆ ಉಳಿದದ್ದನ್ನು ನೋಡಿ. ಮೈಸೂರು ಶೈಲಿಯ ಕಲಾವಿದರು ಅಳಿಲಿನ ಕೂದಲಿನ ಕುಂಚಕ್ಕಾಗಿ ಅಷ್ಟೊಂದು ಶ್ರಮಪಟ್ಟದ್ದು ಸುಮ್ಮನೆ ಅಲ್ಲ.

ಒತ್ತಡವನ್ನು ಗುರುತಿಸುವ ಪೆನ್ನುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. 1983ರಲ್ಲಿ ಜಪಾನಿನಲ್ಲಿ ಆರಂಭವಾದ ವ್ಯಾಕಾಮ್ ಕಂಪನಿ ಬೆಳೆಸಿದ ವಿಧಾನದಲ್ಲಿ ಪೆನ್ನಿಗೆ ಬ್ಯಾಟರಿಯೇ ಬೇಕಿಲ್ಲ. ಹಲಗೆಯಿಂದ, ಅಂದರೆ ಟ್ಯಾಬ್ಲೆಟ್‌ನಿಂದ, ಹೊಮ್ಮುವ ಕ್ಷೀಣವಾದ ವಿದ್ಯುತ್ಕಾಂತೀಯ ಅಲೆಗಳಿಂದ ಪೆನ್ನಿನೊಳಗಿನ ಸುರುಳಿ ಶಕ್ತಿ ಪಡೆದು, ತಾನು ಎಲ್ಲಿದ್ದೇನೆ, ಎಷ್ಟು ಒತ್ತಲ್ಪಟ್ಟಿದ್ದೇನೆ ಎಂಬುದನ್ನು ಹಿಂದಿರುಗಿಸುತ್ತದೆ. ಸ್ಯಾಮ್‌ಸಂಗ್ ಟ್ಯಾಬ್‌ಗಳ ಎಸ್ ಪೆನ್ ಕೂಡ ಇದೇ ವಿಧಾನದ್ದು. ಹ್ಯೂಯಾನ್, ಎಕ್ಸ್‌ಪಿ-ಪೆನ್ ಮುಂತಾದ ಚೀನೀ ಕಂಪನಿಗಳೂ ಈಗ ಬ್ಯಾಟರಿ ಇಲ್ಲದ ಪೆನ್ನುಗಳನ್ನೇ ಕೊಡುತ್ತಿವೆ. ಎರಡನೆಯದು ಚಾರ್ಜ್ ಮಾಡಿ ಬಳಸಬೇಕಾದ ಪೆನ್. ಆಪಲ್ ಪೆನ್ಸಿಲ್ ಈ ಬಗೆಯದು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 2023ರಲ್ಲಿ ಬಂದ, ಬೆಲೆ ಕಡಿಮೆ ಇರುವ ಯುಎಸ್‌ಬಿ-ಸಿ ಆಪಲ್ ಪೆನ್ಸಿಲ್‌ಗೆ ಒತ್ತಡ ಗುರುತಿಸುವ ಶಕ್ತಿಯೇ ಇಲ್ಲ. ಮೊದಲ ತಲೆಮಾರಿನ, ಎರಡನೆಯ ತಲೆಮಾರಿನ ಮತ್ತು ಪ್ರೊ ಪೆನ್ಸಿಲ್‌ಗಳಿಗೆ ಅದು ಇದೆಯಾದರೂ ಎಲ್ಲ ಐಪ್ಯಾಡ್‌ಗಳಿಗೂ ಎಲ್ಲವೂ ಹೊಂದುವುದಿಲ್ಲ. 10ನೇ ತಲೆಮಾರಿನ ಸಾಮಾನ್ಯ ಐಪ್ಯಾಡ್ ಕೊಂಡವರು ಚಿತ್ರಕ್ಕಾಗಿ ಮೊದಲ ತಲೆಮಾರಿನ ಪೆನ್ಸಿಲ್ಲನ್ನೇ ಹುಡುಕಬೇಕು. ಹೆಸರು ಒಂದೇ ಆಗಿರುವುದರಿಂದ ಮಕ್ಕಳಿಗೆ ಉಡುಗೊರೆ ಕೊಡುವವರು ತಪ್ಪುವುದೇ ಇಲ್ಲಿ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ 8192, 16384 ಎಂಬ ಒತ್ತಡದ ಮಟ್ಟಗಳಿಗೆ (ಒತ್ತಡದ ಎಷ್ಟು ಹಂತಗಳನ್ನು ಪೆನ್ ಗುರುತಿಸುತ್ತದೆ ಎಂಬ ಲೆಕ್ಕಕ್ಕೆ) ನಾನು ಹೆಚ್ಚು ಬೆಲೆ ಕೊಡುವುದಿಲ್ಲ. 2048 ಮಟ್ಟಗಳ ಹಲಗೆಯ ಮೇಲೆ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ಕೊರತೆ ಎಂದೂ ಕಂಡಿಲ್ಲ. ಪೆನ್ ಎಷ್ಟು ಹಗುರವಾಗಿ ತಾಕಿದರೆ ಗೆರೆ ಮೂಡಲು ಆರಂಭಿಸುತ್ತದೆ ಎಂಬುದು ಅದಕ್ಕಿಂತ ಮುಖ್ಯ, ಮತ್ತು ಅದನ್ನು ಕೈಯಲ್ಲಿ ಹಿಡಿದೇ ತಿಳಿಯಬೇಕು.

ಮನೆಯಲ್ಲಿ ಹಳೆಯದಾದರೂ ಒಂದು ಲ್ಯಾಪ್‌ಟಾಪ್ ಇದ್ದರೆ, ಆರಂಭಿಸುವವರಿಗೆ ಅದಕ್ಕೆ ಜೋಡಿಸಿ ಬಳಸುವ, ಪರದೆ ಇಲ್ಲದ ಪೆನ್ ಟ್ಯಾಬ್ಲೆಟ್ ಸಾಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ವ್ಯಾಕಾಮ್‌ನ ಚಿಕ್ಕ ಹಲಗೆಯಲ್ಲಿ ಬಿಡಿಸುವ ಜಾಗ 152 ಮಿ.ಮೀ. ಅಗಲ, 95 ಮಿ.ಮೀ. ಎತ್ತರ. ಕೈ ಮೇಜಿನ ಮೇಲೆ, ಕಣ್ಣು ಪರದೆಯ ಮೇಲೆ ಇರುವುದಕ್ಕೆ ಮೊದಲ ವಾರ ಕಿರಿಕಿರಿಯಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಕುಳಿತರೆ ನನ್ನ ವಿದ್ಯಾರ್ಥಿಗಳಿಗೆ ಎರಡು ವಾರದಲ್ಲಿ ಅಭ್ಯಾಸವಾಗಿದೆ. ಕ್ರಿತಾದಂತಹ ಉತ್ತಮ ತಂತ್ರಾಂಶ ಸಂಪೂರ್ಣ ಉಚಿತವಾಗಿ ಸಿಗುವಾಗ ಆ ಕಡೆಯಿಂದಲೂ ಖರ್ಚಿಲ್ಲ.

ಹೊಸ ಹಲಗೆ ಕೈಗೆ ಬಂದ ಕೂಡಲೇ ನಾನು ಬರೆಯಿಸುವುದು ನಮ್ಮ 'ಠ' ಅಕ್ಷರವನ್ನು. ಹಲಗೆಯ ಮೇಲೆ ದುಂಡಗೆ ಬರೆದ ಠ ಪರದೆಯ ಮೇಲೆ ಅಗಲವಾಗಿ, ತಲೆಯ ಮೇಲೆ ಅಂಗೈಯಿಟ್ಟು ಅದುಮಿದಂತೆ ಕಂಡರೆ, ಹಲಗೆಯ ಅಗಲ-ಎತ್ತರದ ಅನುಪಾತವೂ ಪರದೆಯ ಅನುಪಾತವೂ ಹೊಂದಿಲ್ಲ ಎಂದೇ ಅರ್ಥ. 16:10ರ ಹಲಗೆಯನ್ನು 16:9ರ ಪರದೆಗೆ ಜೋಡಿಸಿದಾಗ ಹೀಗಾಗುತ್ತದೆ. ಹಲಗೆಯನ್ನು ಕಂಪ್ಯೂಟರ್‌ನಲ್ಲಿ ನಡೆಸುವ ತಂತ್ರಾಂಶದ (ಡ್ರೈವರ್) ಸೆಟ್ಟಿಂಗ್‌ನಲ್ಲಿ ಅನುಪಾತವನ್ನು ಸರಿಪಡಿಸುವ ಆಯ್ಕೆ ಇರುತ್ತದೆ. ಇದನ್ನು ಗಮನಿಸದೆ, ತನಗೆ ವೃತ್ತ ಬಿಡಿಸಲು ಬರುವುದಿಲ್ಲ ಎಂದು ತಿಂಗಳುಗಟ್ಟಲೆ ಕೊರಗಿದ ಹುಡುಗನೊಬ್ಬನನ್ನು ಕಂಡಿದ್ದೇನೆ. ಆಮೇಲೆ ಸ್ಕೇಲ್ ಇಟ್ಟು ನಿಧಾನವಾಗಿ ಓರೆ ಗೆರೆ ಎಳೆಯಿರಿ. ಗೆರೆಯನ್ನು ತಾನಾಗಿಯೇ ನಯಗೊಳಿಸುವ ಸೌಲಭ್ಯ ಆಫ್ ಆಗಿರಲಿ. ಆಗಲೂ ಗೆರೆ ಹಾವಿನಂತೆ ಹೊರಳಿದರೆ ಆ ಹಲಗೆ ಬೇಡ.

ಪರದೆ ಇರುವ ಪೆನ್ ಡಿಸ್‌ಪ್ಲೇಗಳಿಗೂ ಕಂಪ್ಯೂಟರ್ ಬೇಕೇ ಬೇಕು ಎಂಬುದನ್ನು ಹಲವರು ಕೊಂಡ ಮೇಲೆ ತಿಳಿಯುತ್ತಾರೆ. ಚಿತ್ರದಿಂದ ಸಂಪಾದನೆ ಆರಂಭವಾದವರು ಅತ್ತ ಯೋಚಿಸಲಿ. ಕೊಳ್ಳುವಾಗ ಗಾಜಿಗೂ ಒಳಗಿನ ಪರದೆಗೂ ನಡುವೆ ಅಂತರವಿಲ್ಲದ, ಲ್ಯಾಮಿನೇಟ್ ಆದ ಪರದೆಯನ್ನೇ ಆರಿಸಿ. ಇಲ್ಲದಿದ್ದರೆ ಗೆರೆ ನಿಬ್ಬಿನ ತುದಿಯಿಂದ ತುಸು ದೂರದಲ್ಲಿ ಮೂಡಿದಂತೆ ಕಾಣುತ್ತದೆ.

ಸೋಮನಾಥಪುರದ ಜಗುಲಿಯ ಮೇಲೆ ಕುಳಿತು ಸ್ಕೆಚ್ ಮಾಡುವವರಿಗೆ ಐಪ್ಯಾಡ್ ಅಥವಾ ಗ್ಯಾಲಕ್ಸಿ ಟ್ಯಾಬ್ ಅನುಕೂಲವೇ ಸರಿ. ಗ್ಯಾಲಕ್ಸಿ ಟ್ಯಾಬ್ ಎಸ್6 ಲೈಟ್‌ನಂತಹವುಗಳಲ್ಲಿ ಪೆನ್ ಪೆಟ್ಟಿಗೆಯಲ್ಲೇ ಬರುತ್ತದೆ. ಐಪ್ಯಾಡ್‌ನಲ್ಲಿ ಮಾತ್ರ ಸಿಗುವ ಚಿತ್ರ ಬಿಡಿಸುವ ತಂತ್ರಾಂಶ ಪ್ರೊಕ್ರಿಯೇಟ್‌ಗೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಆದರೆ ಮುದ್ರಣಕ್ಕೆಂದು ಎ4 ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇಟ್ಟುಕೊಂಡರೆ ಚಿತ್ರ 2480 × 3508 ಪಿಕ್ಸೆಲ್ ಆಗುತ್ತದೆ, ಪೋಸ್ಟರ್ ಅಳತೆಗೆ ಹೋದರೆ ಇನ್ನೂ ದೊಡ್ಡದು, ಮತ್ತು ರ್‍ಯಾಮ್ ಕಡಿಮೆ ಇದ್ದಷ್ಟೂ ಲೇಯರ್‌ಗಳ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳಂತಹ ಪದರಗಳ) ಮಿತಿ ಬೇಗ ಎದುರಾಗುತ್ತದೆ. ಪುಸ್ತಕದ ಮುಖಪುಟವೊಂದನ್ನು ಮುಗಿಸುವ ಹೊತ್ತಿಗೆ ಲೇಯರ್ ಸಾಲದೆ, ಬಣ್ಣ ಮತ್ತು ರೇಖೆಗಳನ್ನು ಒಂದೇ ಲೇಯರ್‌ಗೆ ಸೇರಿಸಿಬಿಟ್ಟು, ಪ್ರಕಾಶಕರು ಸೀರೆಯ ಬಣ್ಣ ಬದಲಿಸಲು ಕೇಳಿದಾಗ ಎರಡು ರಾತ್ರಿ ಕುಳಿತು ಮತ್ತೆ ಬಿಡಿಸಿದ್ದೇನೆ.

ನಿಬ್ ಸವೆಯುತ್ತದೆ ಎಂಬುದನ್ನೂ ಮರೆಯಬೇಡಿ. ಕಾಗದದಂತೆ ಒರಟಾಗಿರುವ ಫಿಲ್ಮ್ ಅಂಟಿಸಿದರೆ ಹಿಡಿತ ಹಿತವಾಗಿರುತ್ತದೆ, ನಿಬ್ ಬೇಗ ಸವೆಯುತ್ತದೆ. ಬದಲಿ ನಿಬ್ಬುಗಳು ಸುಲಭವಾಗಿ ಸಿಗುತ್ತವೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ.

ಆ ಹುಡುಗಿಯ ಹೊಸ ಟ್ಯಾಬ್ ಈಗ ಪಾಠದ ವಿಡಿಯೋ ನೋಡಲು ಬಳಕೆಯಾಗುತ್ತಿದೆ. ಅಣ್ಣನ ಹಳೆಯ ಲ್ಯಾಪ್‌ಟಾಪ್‌ಗೆ ಪರದೆ ಇಲ್ಲದ ಚಿಕ್ಕ ಹಲಗೆಯೊಂದನ್ನು ಜೋಡಿಸಿಕೊಟ್ಟೆವು. ಹನ್ನೊಂದನೆಯ ದಿನ ಅವಳು ಕಳುಹಿಸಿದ ನವಿಲಿನ ಕುತ್ತಿಗೆಯ ಗೆರೆ ಆರಂಭದಲ್ಲಿ ಇನ್ನೂ ನಡುಗುತ್ತಿತ್ತು, ಆದರೆ ಬಾಗುವಲ್ಲಿ ತುಂಬಿಕೊಂಡಿತ್ತು.