ಇಲ್ಲದ ವಿಮಾನಕ್ಕೆ 52 ನಿಮಿಷ

ಎರಡು ಪುಟ್ಟ ವಿಮಾನ ನಿಲ್ದಾಣಗಳ ಹೆಸರು ಟೈಪ್ ಮಾಡಿ, ನಡುವಿನ ದೂರ ಎಷ್ಟು ಅಂತ ಆನ್‌ಲೈನಿನಲ್ಲಿ ಕೇಳಿ ನೋಡಿ. 300 ಕಿ.ಮೀ. ಅಂತಿಟ್ಟುಕೊಳ್ಳೋಣ. ತಕ್ಷಣ ಉತ್ತರ ಬರುತ್ತದೆ: ಹಾರಾಟದ ಸಮಯ 52 ನಿಮಿಷ. ಐವತ್ತಲ್ಲ, ಐವತ್ತೈದಲ್ಲ, ಸರಿಯಾಗಿ 52. ಆ ಎರಡು ಊರುಗಳ ನಡುವೆ ವಿಮಾನವೇ ಇಲ್ಲ ಅನ್ನೋದು ಬೇರೆ ಮಾತು.

ಈ 52 ಎಲ್ಲಿಂದ ಬಂತು? ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿ, ಏರಲು ಇಳಿಯಲು ಅಂತ 30 ನಿಮಿಷ ಸೇರಿಸಿದರೆ ಆಯಿತು. ಐವತ್ತೆರಡೂವರೆ ಬರುತ್ತದೆ, ಅರ್ಧ ನಿಮಿಷ ನಮಗೆ ರಿಯಾಯಿತಿ. 800 ಅನ್ನೋದು ದೊಡ್ಡ ಜೆಟ್ ವಿಮಾನ ಹತ್ತು ಕಿ.ಮೀ. ಎತ್ತರದಲ್ಲಿ ಓಡುವ ವೇಗ. ಪುಟ್ಟ ನಿಲ್ದಾಣಕ್ಕೆ ಬಂದರೆ ಬರುವುದು ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನ. ಅದು ಓಡುವುದು ಗಂಟೆಗೆ 500ರ ಆಸುಪಾಸಿನಲ್ಲಿ.

ಈ ಲೆಕ್ಕ ಕೊಡುವ ವೆಬ್‌ಸೈಟಿನವರ ಶ್ರದ್ಧೆಗೇನೂ ಕೊರತೆಯಿಲ್ಲ. ಭೂಮಿ ಉಂಡೆ ಎಂದುಕೊಂಡರೆ ಒಂದು ದೂರ, ಧ್ರುವಗಳ ಬಳಿ ಚಪ್ಪಟೆ ಎಂದುಕೊಂಡರೆ ಇನ್ನೊಂದು ದೂರ, ಎರಡನ್ನೂ ಕೊಡುತ್ತಾರೆ. 300 ಕಿ.ಮೀ.ಗೆ ಹೆಚ್ಚೆಂದರೆ ಒಂದೂವರೆ ಎರಡು ಕಿ.ಮೀ. ವ್ಯತ್ಯಾಸ. ಭೂಮಿ ಚಪ್ಪಟೆಯಾಗಿರುವುದು ಲೆಕ್ಕಕ್ಕೆ ಬಂತು. ವಿಮಾನ ಇಲ್ಲದಿರುವುದು ಮಾತ್ರ ಬರಲಿಲ್ಲ!

ನಿಜವಾಗಿ ಹೋಗಬೇಕಾದವರ ಪಾಡು ಕೇಳಿ. ಊರು ಪೂರ್ವಕ್ಕಿದ್ದರೆ ಮೊದಲು ಪಶ್ಚಿಮದ ದೊಡ್ಡ ನಿಲ್ದಾಣಕ್ಕೆ ಹಾರಬೇಕು. ಅಲ್ಲಿ ಇನ್ನೊಂದು ವಿಮಾನಕ್ಕೆ ನಾಲ್ಕೈದು ಗಂಟೆ ಕಾಯಬೇಕು. ಆಮೇಲೆ ಬಂದ ದಾರಿಯಲ್ಲೇ ವಾಪಸ್, ಹೊರಟ ಊರಿನ ತಲೆ ಮೇಲೆಯೇ. ಕಿಟಕಿಯಿಂದ ಬಗ್ಗಿ ನೋಡಿದರೆ ಬೆಳಿಗ್ಗೆ ಕಾರು ನಿಲ್ಲಿಸಿದ ಜಾಗ ಕಂಡರೂ ಕಾಣಬಹುದು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದವನು ಕೂಡ ದಾರಿಯಲ್ಲಿ ಬೆಲ್ಟು ಬಿಚ್ಚಿ ಟ್ರೇನಲ್ಲಿಟ್ಟಿರಲಿಲ್ಲ.

ಮಜಾ ಅಂದರೆ, ಹೊಸ ನಿಲ್ದಾಣದ ಟೇಪು ಕತ್ತರಿಸುವವರಿಗೂ ಈ ಅಂಕಿ ಅಂದರೆ ಪ್ರೀತಿ. "ಇನ್ನು ಐವತ್ತೆರಡೇ ನಿಮಿಷ!" ಎಂದು ಮೈಕಿನಲ್ಲಿ ಹೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ವಿಮಾನ ಕಂಪನಿಗಳು ನೋಡುವುದು ಭೂಪಟವನ್ನಲ್ಲ, ಸೀಟು ತುಂಬುತ್ತದೋ ಇಲ್ಲವೋ ಅಂತ. ತುಂಬದಿದ್ದರೆ ವಾರಕ್ಕೆ ಮೂರು ದಿನ ಬರುತ್ತಿದ್ದದ್ದು ಒಂದೇ ದಿನ ಬರುತ್ತದೆ. ಆಗ ಪ್ರಯಾಣದ ಸಮಯ ಆರು ದಿನ, 52 ನಿಮಿಷ.

ಇನ್ನು, ವಿಮಾನ ನಿಜವಾಗಿಯೂ ಇರುವ ಕಡೆ ಈ ಸೂತ್ರ ಏನು ಹೇಳುತ್ತದೆ? ಸ್ಕಾಟ್ಲೆಂಡಿನ ಓರ್ಕ್ನಿಯಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಎಂಬ ಪುಟ್ಟ ದ್ವೀಪಗಳಿವೆ. ಎರಡರ ವಿಮಾನ ನಿಲ್ದಾಣಗಳ ನಡುವೆ 2.7 ಕಿ.ಮೀ. 1967ರಿಂದ ಅಲ್ಲಿ ವಿಮಾನ ಓಡಾಡುತ್ತಿದೆ. ವೇಳಾಪಟ್ಟಿಯಿರುವ ಪ್ರಯಾಣಿಕ ವಿಮಾನಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕ ಹಾರಾಟ ಇದು. ಎರಡು ನಿಮಿಷದ ದಾರಿ, ಒಮ್ಮೆ 53 ಸೆಕೆಂಡಿನಲ್ಲೇ ಮುಟ್ಟಿದ ದಾಖಲೆಯೂ ಇದೆ. ನಮ್ಮ ಸೂತ್ರ ಹಾಕಿದರೆ ಹಾರಲು 12 ಸೆಕೆಂಡು, ಅದರ ಮೇಲೆ 30 ನಿಮಿಷ. ಅಂದರೆ ಆ ದ್ವೀಪದವರು ಇಳಿದ ಮೇಲೂ ಇಪ್ಪತ್ತೆಂಟು ನಿಮಿಷ ಸೀಟ್ ಬೆಲ್ಟ್ ಬಿಚ್ಚದೆ ಸುಮ್ನೆ ಕೂತಿರಬೇಕು.