ಜಾಕ್ ಇಡುವ ಜಾಗವನ್ನು ಗಾಡಿ ಕೆಟ್ಟ ದಿನ ಹುಡುಕಬೇಡಿ

ನಿನ್ನೆ ನಮ್ಮ ಓಣಿಯಲ್ಲಿ ಒಬ್ಬ ಹುಡುಗ ಬರೀ ಜಾಕ್ ಮೇಲೆ ನಿಂತಿದ್ದ ವ್ಯಾನಿನ ಕೆಳಗೆ ಮಲಗಿದ್ದ. ನೋಡಿ ಎದೆ ಧಸಕ್ಕೆಂದಿತು. ಮೊದಲು ಹೊರಗೆ ಬಾರಪ್ಪಾ ಅಂತ ಕೂಗಿದೆ. "ಎರಡ ನಿಮಿಷದ ಕೆಲಸ ಐತ್ರಿ ಅಣ್ಣಾರ" ಅಂದ. ಹೋದ ಮಳೆಗಾಲದಲ್ಲಿ ನಾನೂ ನನ್ನ ಹೆಂಡತಿಗೆ ಇದೇ ಮಾತು ಹೇಳಿದ್ದೆ, ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ.

ನಮ್ಮ ಮನೆ ಹುಬ್ಬಳ್ಳಿಯ ಉಣಕಲ್ ಕಡೆ. ಮನೆಯಲ್ಲಿ ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತೇವೆ. ಅದಕ್ಕಂತ ಒಂದು ಹಳೇ ಮಾರುತಿ ಓಮ್ನಿ ವ್ಯಾನ್ ಇದೆ. ಹಿಂದಿನ ಬ್ರೇಕ್ ಸದ್ದು ಮಾಡುತ್ತಿತ್ತು, ಗಾಲಿ ಬಿಚ್ಚಿ ನೋಡೋಣ ಅಂತ ಭಾನುವಾರ ಬೆಳಿಗ್ಗೆ ಬಾಗಿಲ ಕೆಳಗಿನ ಅಂಚಿಗೆ ಜಾಕ್ ಕೊಟ್ಟೆ. ಅಂಚಿಗೆ ದಪ್ಪಗೆ ಕರೀ ಪೇಂಟ್ ಇತ್ತು, ನೋಡಲು ಗಟ್ಟಿಯಾಗೇ ಕಾಣುತ್ತಿತ್ತು. ಎರಡು ಇಂಚು ಎದ್ದಿರಬೇಕು, ಹಪ್ಪಳ ಮುರಿದಂತೆ ಸದ್ದಾಯಿತು. ಜಾಕಿನ ತಲೆ ತಗಡಿನೊಳಗೇ ಹೋಯಿತು, ಗಾಡಿ ದಡ್ ಅಂತ ಕೂತಿತು. ಗಾಲಿ ಇನ್ನೂ ಬಿಚ್ಚಿರಲಿಲ್ಲ, ಹಾಗಾಗಿ ಗಾಲಿ ಮೇಲೇ ಕೂತಿತು. ಕೆಳಗೆ ಬಿದ್ದ ಪಾನಾ ತೆಗೆಯಲು ನನ್ನ ಮಗ ಆಗಷ್ಟೇ ಕೈ ಹಾಕಿ ಹೊರಗೆ ತೆಗೆದಿದ್ದ. ಅವನಿಗೆ ಹದಿನಾಲ್ಕು ವರ್ಷ.

ಆಮೇಲೆ ನೋಡಿದರೆ ನೆಲದ ಮೇಲೆ ಚಹಾಪುಡಿ ಚೆಲ್ಲಿದ ಹಾಗೆ ಜಂಗು ಉದುರಿತ್ತು. ಪೇಂಟ್ ಮಾತ್ರ ಹಾಳೆಯಂತೆ ಜೋತಾಡುತ್ತಿತ್ತು. ಅದರ ಹಿಂದೆ ಕಬ್ಬಿಣವೇ ಇರಲಿಲ್ಲ. ಮಾರಿದವರು ಮಾರುವ ಮುಂಚೆ ಕೆಳಗೆಲ್ಲ ಪೇಂಟ್ ಹೊಡೆಸಿದ್ದರು. ನನ್ನ ಪ್ರಕಾರ ಇದು ದೊಡ್ಡ ತಪ್ಪು. ಜಂಗು ಇದ್ದರೆ ಇದೆ ಅಂತ ಹೇಳಿ ರೊಕ್ಕ ಕಡಿಮೆ ಮಾಡಲಿ. ಮುಚ್ಚಿಟ್ಟರೆ ಅದು ಬೇರೆಯವರ ಮಕ್ಕಳ ಕೈ ಮೇಲೆ ಬೀಳುತ್ತದೆ.

ಈಗ ನಾನು ಮಾಡುವುದು ಹೇಳುತ್ತೇನೆ. ಅಂಚಿನ ಎಲ್ಲ ಕಡೆ ಜಾಕ್ ಕೊಡುವ ಹಾಗಿಲ್ಲ. ಕಂಪನಿಯವರು ತಗಡು ಗಟ್ಟಿ ಮಾಡಿದ ಜಾಗ ಬೇರೆ ಇರುತ್ತದೆ, ಬಹಳ ಗಾಡಿಗಳಲ್ಲಿ ಗಾಲಿಗಳ ಹತ್ತಿರ, ಸಣ್ಣ ಕಚ್ಚು ಅಥವಾ ಗುರುತು ಇರುತ್ತದೆ. ಗಾಡಿ ಜೊತೆ ಬರುವ ಪುಸ್ತಕದಲ್ಲಿ ಅದರ ಚಿತ್ರ ಇರುತ್ತದೆ. ಹಳೇ ಗಾಡಿಗೆ ಪುಸ್ತಕ ಸಿಗದಿದ್ದರೆ, ಅದೇ ಮಾಡೆಲ್ ಇಟ್ಟುಕೊಂಡವರಿಂದ ಆ ಪುಟದ ಫೋಟೊ ತರಿಸಿಕೊಳ್ಳಿ, ಅಂದಾಜಿಗೆ ಹೋಗಬೇಡಿ. ಜಾಗ ಸಿಕ್ಕ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ, ಸುತ್ತಿಗೆ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಒಳ್ಳೇ ತಗಡು ಟಣ್ ಅನ್ನುತ್ತದೆ, ತಿಂದುಹೋದದ್ದು ಒದ್ದೆ ರಟ್ಟು ಬಡಿದ ಹಾಗೆ ಕೇಳಿಸುತ್ತದೆ.

ಓಮ್ನಿಯ ಹಿಂದೆ ಪಾಟಾ ಸ್ಪ್ರಿಂಗ್, ಅಂದರೆ ಉಕ್ಕಿನ ಪಟ್ಟಿಯ ಸ್ಪ್ರಿಂಗ್, ಇದೆ. ಅಲ್ಲಿ ಎರಡು ಗಾಲಿಗಳ ನಡುವೆ ಅಡ್ಡಕ್ಕಿರುವ ಆಕ್ಸಲ್ ಪೈಪಿಗೆ, ಪಾಟಾ ಕೂರುವ ಜಾಗದ ಪಕ್ಕದಲ್ಲೇ ಜಾಕ್ ಕೊಟ್ಟರೆ ಗಾಲಿ ಬೇಗ ನೆಲ ಬಿಡುತ್ತದೆ, ಗಾಡಿಯನ್ನು ಜಾಸ್ತಿ ಎತ್ತಬೇಕಿಲ್ಲ. ಬ್ರೇಕ್ ಪೈಪು ಆಕ್ಸಲ್ ಮೇಲೇ ಹಾದುಹೋಗುತ್ತದೆ, ಅದು ಜಾಕಿಗೆ ಸಿಕ್ಕಿ ಚಪ್ಪಟೆಯಾಗದಂತೆ ನೋಡಿಕೊಳ್ಳಿ. ನಡುವೆ ದುಂಡಗೆ ಉಬ್ಬಿರುವ ಡಿಫರೆನ್ಶಿಯಲ್‌ಗೆ ಮಾತ್ರ ಬೇಡ, ಅಲ್ಲಿ ನಟ್ಟನಡುವೆ ಒಂದೇ ಜಾಗದ ಮೇಲೆ ಭಾರ ನಿಂತು ಗಾಡಿ ಅತ್ತಿತ್ತ ವಾಲುತ್ತದೆ. ಮುಂದಿನ ಸೀಟಿನ ಕೆಳಗೆ ಎಂಜಿನ್ ಇದೆ ಅಲ್ವಾ, ಅದರ ಆಯಿಲ್ ಚೇಂಬರ್ ಕೆಳಗಿನಿಂದ ಸಪಾಟಾಗಿ, ಜಾಕ್ ಇಡಲು ಮಾಡಿದ ಹಾಗೇ ಕಾಣುತ್ತದೆ. ಅಲ್ಲಿ ಎತ್ತಿದರೆ ಚೇಂಬರ್ ನೆಗ್ಗುತ್ತದೆ. ಗೇರ್‌ಬಾಕ್ಸು, ಪೆಟ್ರೋಲ್ ಟ್ಯಾಂಕು, ನೆಲದ ತಗಡು ಇವು ಯಾವುವೂ ಬೇಡ.

ಹ್ಯಾಂಡ್ ಬ್ರೇಕ್ ಹಾಕಿದ್ದೇನೆ, ಗಾಡಿ ಎಲ್ಲಿಗೆ ಹೋಗುತ್ತದೆ ಅಂತ ನಾವೆಲ್ಲ ನಂಬಿರುತ್ತೇವೆ. ಓಮ್ನಿಯಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಗಾಲಿಗಳನ್ನು. ಆ ಎರಡನ್ನೂ ಎತ್ತಿದರೆ ನೆಲದ ಮೇಲಿರುವ ಮುಂದಿನ ಗಾಲಿಗಳನ್ನು ಹಿಡಿಯಲು ಏನೂ ಉಳಿಯುವುದಿಲ್ಲ. ಗೇರಿನಲ್ಲಿ ಬಿಟ್ಟರೂ ಅಷ್ಟೇ, ಎಂಜಿನ್ ತಿರುಗಿಸುವುದೂ ಹಿಂದಿನ ಗಾಲಿಗಳನ್ನೇ. ಬ್ರೇಕ್ ಕೆಲಸಕ್ಕೆ ಅಂತ ಒಂದೇ ಹಿಂದಿನ ಗಾಲಿ ಎತ್ತಿ ಹ್ಯಾಂಡ್ ಬ್ರೇಕ್ ಬಿಟ್ಟಿರೋ, ಗೇರ್ ಒಂದೇ ನಂಬುವ ಹಾಗಿಲ್ಲ. ಮೇಲಿನ ಗಾಲಿ ಹಿಂದಕ್ಕೆ ತಿರುಗುತ್ತದೆ, ಕೆಳಗಿನದು ಮುಂದಕ್ಕೆ ಉರುಳುತ್ತದೆ, ಡಿಫರೆನ್ಶಿಯಲ್ ಕೆಲಸವೇ ಅದು. ಅದಕ್ಕೆ ನೆಲದ ಮೇಲಿರುವ ಗಾಲಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಒತ್ತಾಗಿ ದಪ್ಪ ಕಟ್ಟಿಗೆ ತುಂಡು ಕೊಡಿ. ಗಾಲಿಯ ನಟ್ಟುಗಳನ್ನೂ ಗಾಡಿ ಎತ್ತುವ ಮುಂಚೆಯೇ ಅರ್ಧ ಸುತ್ತು ಸಡಿಲ ಮಾಡಿಕೊಳ್ಳಿ. ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಗಾಡಿ ಜಾಕಿನಿಂದ ಜಾರಬಹುದು.

ಇನ್ನು ನಮ್ಮ ಕಡೆಯ ನೆಲ. ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಿರುತ್ತದೆ, ಒಂದು ಮಳೆ ಬಿದ್ದರೆ ಜಾಕ್ ಸುಮ್ನೆ ಒಳಗೆ ಇಳಿಯುತ್ತಾ ಹೋಗುತ್ತದೆ, ಅದೂ ಒಂದೇ ಬದಿಗೆ. ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿದ್ದರೆ ಗಟ್ಟಿ ಅಂತ ಮೋಸ ಹೋಗಬೇಡಿ. ಫರಸಿ ಕೆಳಗೆ ಮಣ್ಣು ಕುಸಿದು ಪೊಳ್ಳಾಗಿದ್ದರೆ ಭಾರ ಬಿದ್ದ ಕೂಡಲೇ ನಡುವೆ ಸೀಳುತ್ತದೆ. ನಾನು ಈಗ ಕಾಂಕ್ರೀಟ್ ಹಾಕಿದ ಸಮನೆಲದಲ್ಲೇ ಎತ್ತುವುದು. ದಾರಿಯಲ್ಲಿ ಪಂಕ್ಚರ್ ಆದರೆ ಅಂತ ಸೀಟಿನ ಹಿಂದೆ ಒಂದೂವರೆ ಇಂಚು ದಪ್ಪದ ಅಗಲ ಹಲಗೆ ಇಟ್ಟಿದ್ದೇನೆ.

ಗಾಡಿ ಎದ್ದ ಮೇಲೆ ಭಾರ ಜಾಕ್ ಮೇಲೆ ಇರಬಾರದು. ಹೈಡ್ರಾಲಿಕ್ ಜಾಕಿನ ಒಳಗಿನ ಸೀಲ್ ಯಾವಾಗ ಬಿಡುತ್ತದೋ ಹೊರಗೆ ಕಾಣುವುದಿಲ್ಲ. ಜಾಕ್ ಸ್ಟ್ಯಾಂಡ್, ಅಂದರೆ ಎತ್ತಿದ ಗಾಡಿಯ ಭಾರ ಹೊರುವ ಕಬ್ಬಿಣದ ಕಾಲು, ಇಟ್ಟು, ಗಾಡಿಯನ್ನು ಅದರ ಮೇಲೆ ಇಳಿಸಿ, ಬದಿಯಿಂದ ಗಟ್ಟಿಯಾಗಿ ನೂಕಿ ನೋಡಿ, ಆಮೇಲೆ ಕೈ ಹಾಕಿ. ಇಟ್ಟಂಗಿ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಅವು ಸೂಚನೆ ಕೊಟ್ಟು ಒಡೆಯುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತವೆ.

ನಮ್ಮ ವ್ಯಾನಿನ ಅಂಚನ್ನು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಿದೆ. ಜಾಕ್ ಕೊಡುವ ನಾಲ್ಕೂ ಜಾಗಕ್ಕೆ ಹಳದಿ ಪೇಂಟಿನಿಂದ ಬಾಣದ ಗುರುತು ಹಾಕಿದವನು ಮಗನೇ. ನಿನ್ನೆಯ ಹುಡುಗನಿಗೆ ನನ್ನ ಎರಡು ಸ್ಟ್ಯಾಂಡ್ ಕೊಟ್ಟು ಕಳಿಸಿದ್ದೇನೆ. ಭಾನುವಾರ ಅವನ ಗಾಡಿಯ ಕೆಳಗೂ ಟಾರ್ಚ್ ಹಿಡಿದು ಇಬ್ಬರೂ ಕೂತು ಜಾಗ ಹುಡುಕಿ ಬಣ್ಣ ಹಚ್ಚುತ್ತೇವೆ.