ಮೂರನೇ ಭೇಟಿಯ ಪಾಠ

ಇಂಗ್ಲೆಂಡಿನ ಮಾನಸಿಕ ಆರೋಗ್ಯ ತಂಡಗಳಲ್ಲಿ ‘ಐಪಿಎಸ್’ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್) ಎಂದರೆ ಪೊಲೀಸ್ ಅಧಿಕಾರಿಯಲ್ಲ. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆ ಇರುವವರನ್ನು ಸಂಬಳದ ಕೆಲಸಕ್ಕೆ ಸೇರಿಸಿ, ಸೇರಿದ ಮೇಲೂ ಬೆನ್ನಿಗೆ ನಿಲ್ಲುವ ಪದ್ಧತಿ. 1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ರೂಪುಗೊಂಡದ್ದು. ಹಳೆಯ ಕ್ರಮದಲ್ಲಿ ಮೊದಲು ಮೇಣದಬತ್ತಿ ಮಾಡಬೇಕು, ಕವರ್ ಅಂಟಿಸಬೇಕು, ‘ತಯಾರಾದ’ ಮೇಲೆ ಕೆಲಸ. ತಯಾರಾಗುವ ದಿನ ಬಹಳ ಮಂದಿಗೆ ಬರುತ್ತಲೇ ಇರಲಿಲ್ಲ. ಐಪಿಎಸ್‌ನಲ್ಲಿ ಕೆಲಸ ಬೇಕೆಂದವರಿಗೆ ತಿಂಗಳೊಳಗೆ ಹುಡುಕಾಟ ಶುರು, ಕಲಿಕೆಯೆಲ್ಲ ಕೆಲಸದ ಜಾಗದಲ್ಲೇ.

ಹೀಗೆ ಕೆಲಸ ಹುಡುಕಿಕೊಡುವವರು ಮನೋವೈದ್ಯರಾಗಬೇಕಿಲ್ಲ. ಒಬ್ಬರ ಕೈಗೆ 20ಕ್ಕಿಂತ ಹೆಚ್ಚು ಜನ ಇರಬಾರದು, ವಾರಕ್ಕೆ ಕನಿಷ್ಠ 6 ಮಾಲೀಕರ ಮುಖಾಮುಖಿ ಭೇಟಿ ಆಗಬೇಕು, ದುಡಿಮೆಯ ಸುಮಾರು ಮೂರನೇ ಎರಡರಷ್ಟು ಸಮಯ ಕಚೇರಿಯ ಹೊರಗೆ ಕಳೆಯಬೇಕು. ತರಬೇತಿಯ ತಿರುಳು ಮೂರು ಭೇಟಿಗಳಲ್ಲಿದೆ: ಮೊದಲನೆಯದರಲ್ಲಿ ಬರೀ ಸಮಯ ಕೇಳುವುದು, ಎರಡನೆಯದರಲ್ಲಿ ಆ ವ್ಯಾಪಾರಕ್ಕೆ ಎಂಥ ಆಳು ಬೇಕೆಂದು ಕೇಳಿಸಿಕೊಳ್ಳುವುದು, ಮೂರನೆಯದರಲ್ಲಷ್ಟೇ ಒಬ್ಬರ ಹೆಸರೆತ್ತುವುದು. ಹೊಸಬರು ಎಡವುವುದು ಇಲ್ಲೇ. ಮೊದಲ ದಿನವೇ ‘ಪಾಪ, ಒಬ್ಬ ಹುಡುಗ ಇದ್ದಾನೆ’ ಎಂದು ಶುರುಮಾಡಿದರೆ ಮಾಲೀಕ ಕರುಣೆ ತೋರಿಸಿ ಕಳಿಸುತ್ತಾನೆ, ಕೆಲಸ ಕೊಡುವುದಿಲ್ಲ. ಇನ್ನೊಂದು ತಪ್ಪು, ಒಪ್ಪಿಗೆಯಿಲ್ಲದೆ ಕಾಯಿಲೆಯ ಸುದ್ದಿ ಬಾಯಿಬಿಡುವುದು. ಇದನ್ನೆಲ್ಲ ತರಗತಿಯಲ್ಲಿ ತಿದ್ದಲಾಗದು. ಮೇಲ್ವಿಚಾರಕರು ಜತೆಯಲ್ಲೇ ಅಂಗಡಿಯ ಮೆಟ್ಟಿಲು ಹತ್ತಬೇಕು.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಹಲವರು ತಾವೇ ಅಂಗವಿಕಲರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಮಾನಸಿಕ ಕಾಯಿಲೆಯೂ ಅಂಗವೈಕಲ್ಯದ ಪಟ್ಟಿಯಲ್ಲಿದೆ. ಇಂಗ್ಲೆಂಡಿನವರು ವಾರಗಟ್ಟಲೆ ಅಲೆದು ಸಂಪಾದಿಸುವ ಪರಿಚಯ ಇವರಿಗೆ ಹುಟ್ಟಿನಿಂದಲೇ ಇದೆ: ಯಾರ ತೋಟದಲ್ಲಿ ಅಡಿಕೆ ಸುಲಿಯುವ ಕೆಲಸವಿದೆ, ಯಾವ ಹಿಟ್ಟಿನ ಗಿರಣಿಯಲ್ಲಿ ಆಳು ಬಿಟ್ಟುಹೋದ, ಎಲ್ಲ ಗೊತ್ತು. ಆದರೆ ಇವರ ಸಮಯವನ್ನು ಶೇ. 40ರಷ್ಟು ಅಂಗವೈಕಲ್ಯವಿದೆ ಎಂಬ ಪ್ರಮಾಣಪತ್ರ, ಪಿಂಚಣಿ ಅರ್ಜಿ, ಗುರುತಿನ ಚೀಟಿಗಳೇ ತಿಂದುಹಾಕುತ್ತವೆ. ನನಗಂತೂ ಇದು ದೊಡ್ಡ ದುಂದು ಅನಿಸುತ್ತದೆ.

ಇಂಗ್ಲೆಂಡಿನ ಪಾಠವನ್ನು ಇದ್ದ ಹಾಗೇ ಹೊತ್ತು ತಂದರೂ ನಡೆಯದು. ಅಲ್ಲಿ ಒಪ್ಪಿಗೆ ಪತ್ರವಿಲ್ಲದೆ ಕಾಯಿಲೆಯ ವಿಷಯ ಮಾಲೀಕನಿಗೆ ಹೇಳುವಂತಿಲ್ಲ. ಹಳ್ಳಿಯಲ್ಲಿ ಎಲ್ಲರಿಗೂ ಮೊದಲೇ ಗೊತ್ತು. ಹಾಗಾಗಿ ಕಲಿಸಬೇಕಾದದ್ದು, ‘ಅವನಿಗೆ ತಲೆ ಕೆಟ್ಟಿದೆ’ ಎಂದ ಗಿರಣಿ ಯಜಮಾನನಿಗೆ ಕೊಡಬೇಕಾದ ಉತ್ತರ. ರಾತ್ರಿ ಮಾತ್ರೆಯ ಮಂಪರು ಬೆಳಗ್ಗೆ ಇಳಿಯದಿದ್ದರೆ ಹತ್ತು ಗಂಟೆಯಿಂದ ಅರ್ಧ ದಿನದ ಕೂಲಿ ಮಾತಾಡಬಹುದು. ತೂಕಡಿಸುವವರನ್ನು ಯಂತ್ರದಿಂದ ದೂರವಿಟ್ಟು ಕಾಯಿ ವಿಂಗಡಿಸಲು ಕೂರಿಸಬಹುದು. ಕೆಲಸಕ್ಕೆ ಸೇರಿದವರ ಮಾತು ಅಡ್ಡಾದಿಡ್ಡಿಯಾದರೆ, ನಿದ್ದೆ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕೆಂದು ಮಾಲೀಕನಿಗೆ ಮೊದಲ ದಿನವೇ ಹೇಳಿಡಬೇಕು.

ಮನೆಯವರ ಮಾತು ಬೇರೆ. ದುಡಿದರೆ ಪಿಂಚಣಿ ಹೋದೀತೆಂದು ತಾಯಿಯೇ ತಡೆಯುತ್ತಾಳೆ. ಇಂಗ್ಲೆಂಡಿನಲ್ಲೂ ಈ ಭಯವಿದೆ. ಅಲ್ಲಿ ಭತ್ಯೆ ಎಷ್ಟು ಕಡಿಮೆಯಾಗುತ್ತದೆ, ಸಂಬಳದಿಂದ ಕೈಗೆ ಎಷ್ಟು ಉಳಿಯುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಲು ಕಲಿಸುತ್ತಾರೆ. ಈ ಒಂದು ಅಭ್ಯಾಸವನ್ನು ಮಾತ್ರ ಹಾಗೇ ಎತ್ತಿಕೊಳ್ಳಬಹುದು. ಅರ್ಜಿ ನಮೂನೆ ತುಂಬುವುದನ್ನು ಕಲಿಸಲು ಅರ್ಧ ದಿನ ಸಾಕು. ಉಳಿದದ್ದನ್ನು ಕಲಿಸಲು ತಾಲ್ಲೂಕು ಮಟ್ಟದ ಮೇಲ್ವಿಚಾರಕರು ವಾರಕ್ಕೊಂದು ದಿನ ಕಾರ್ಯಕರ್ತರ ಜತೆ ಗಿರಣಿಗೆ, ತೋಟಕ್ಕೆ, ಆ ತಾಯಿಯ ಜಗಲಿಗೆ ಹೋಗಲಿ.